ಎಡಗೈ ಎತ್ತಿ ಒಳಗೆ ಬಾ, ಮಗಳೇ

ಮಗಳ ಜೊತೆ ಬೈಕ್ ರೇಸಿಗೆ ಹೊರಡುವ ಅಪ್ಪ-ಅಮ್ಮಂದಿರಿಗೆ ಒಂದು ವಾರಾಂತ್ಯದ ಕೈಪಿಡಿ

ಶನಿವಾರ ಬೆಳಗ್ಗೆ ಆರೂವರೆ. ಚೆನ್ನೈ ಹೊರವಲಯದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿನ ಪ್ಯಾಡಕ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮಗಳು ಕೂತಿದ್ದಾಳೆ. ನಾನು ಹಿಂದೆ ನಿಂತು ಜಡೆ ಹೆಣೆಯುತ್ತಿದ್ದೇನೆ. ಶಾಲೆಗೆ ಹೋಗುವಾಗ ಹಾಕುತ್ತಿದ್ದ ಹಾಗೆ ನೆತ್ತಿಗೆ ಎಳೆದು ಕಟ್ಟುವಂತಿಲ್ಲ. ಹೆಲ್ಮೆಟ್ಟಿನೊಳಗೆ ಗಂಟು ಒತ್ತಿದರೆ ಹತ್ತೇ ನಿಮಿಷಕ್ಕೆ ತಲೆ ಸಿಡಿಯುತ್ತದೆ. ಕತ್ತಿನ ಬುಡದಿಂದ ಶುರುಮಾಡಿ ಹದವಾಗಿ ಹೆಣೆದು, ತುದಿಗೆ ಬಟ್ಟೆಯ ಬ್ಯಾಂಡ್ ಹಾಕಿ, ಜಡೆಯನ್ನು ಲೆದರ್ ಸೂಟಿನ ಕಾಲರಿನೊಳಗೆ ಇಳಿಬಿಡಬೇಕು. ಪಿನ್ನು, ಕ್ಲಿಪ್ಪು ಒಂದೂ ಕೂಡದು. ಓಲೆ, ಸರ, ಬಳೆ, ಮೂಗುಬೊಟ್ಟು ಎಲ್ಲ ಬಿಚ್ಚಿ ನನ್ನ ಚೀಲದ ಡಬ್ಬಿಗೆ.

“ಅಮ್ಮಾ, ಸಾಕು. ಬ್ರೀಫಿಂಗಿಗೆ ಕರೀತಿದಾರೆ.”

“ಏನು ಮಾತು ಕೊಟ್ಟಿದೀಯ, ಹೇಳು.”

“ಏನೋ ಸರಿ ಇಲ್ಲ ಅನಿಸಿದ್ರೆ ಎಡಗೈ ಎತ್ತಿ ಒಳಗೆ ಬರ್ತೀನಿ.”

“ನಾನು?”

“ಯಾಕೆ ಬಂದೆ ಅಂತ ಕೇಳಲ್ಲ.”

ಟ್ರ್ಯಾಕಿನಲ್ಲಿ ವೇಗ ತಗ್ಗಿಸಿ, ಬೈಕ್ ನಿಲ್ಲಿಸುವ ಜಾಗವಾದ ಪಿಟ್‌ಗೆ ತಿರುಗುವ ಸವಾರರು ಹಿಂದಿನವರಿಗೆ ತಿಳಿಯಲೆಂದು ಕೈ ಎತ್ತುತ್ತಾರೆ. ಬಲಗೈಯಲ್ಲಿ ಆಕ್ಸಿಲರೇಟರ್ ಇರುವುದರಿಂದ ಎತ್ತುವುದು ಎಡಗೈಯನ್ನು. ಮನೆ ಬಿಡುವ ಮೊದಲೇ ನಾವಿಬ್ಬರೂ ಮಾಡಿಕೊಂಡ ಒಪ್ಪಂದ ಇದು. ಶುಲ್ಕ ಕಟ್ಟಿದ್ದೇವೆ, ಮುನ್ನೂರು ಕಿಲೋಮೀಟರ್ ಬಂದಿದ್ದೇವೆ, ನೆಂಟರಿಗೆಲ್ಲ ಹೇಳಿದ್ದೇವೆ ಎಂಬ ಯಾವ ಮಾತೂ ಆ ಕೈಗಿಂತ ದೊಡ್ಡದಾಗಬಾರದು. ಈ ಲೇಖನದಲ್ಲಿ ಉಡುಪು, ಲೈಸೆನ್ಸ್, ಬಾವುಟ ಎಲ್ಲದರ ವಿವರವೂ ಇದೆ. ಆದರೆ ಮಗಳ ಜೊತೆ ಹೊರಡುವವರು ಮೊದಲು ಕಟ್ಟಿಕೊಳ್ಳಬೇಕಾದ ಬುತ್ತಿ ಈ ಒಪ್ಪಂದ.

ರಸ್ತೆಯಲ್ಲಿ ಬೇಡ

ಮಗಳಿಗೆ ಬೈಕಿನ ಹುಚ್ಚು ಹತ್ತಿದ್ದು ಹದಿನೈದರ ವಯಸ್ಸಿನಲ್ಲಿ. ಅವಳಿಗೆ ಆಗ ನಾವು ಹೇಳಿದ್ದು ಒಂದೇ ಮಾತು: ವೇಗ ಬೇಕಿದ್ದರೆ ಟ್ರ್ಯಾಕಿಗೆ ಹೋಗೋಣ, ರಿಂಗ್ ರೋಡಿನಲ್ಲಿ ಬೇಡ. ಕಾನೂನೂ ಅದನ್ನೇ ಹೇಳುತ್ತದೆ. ಗೇರ್ ಇರುವ ಬೈಕ್ ರಸ್ತೆಗಿಳಿಸಲು 18 ತುಂಬಿರಬೇಕು. ಅಪ್ರಾಪ್ತ ವಯಸ್ಸಿನ ಮಕ್ಕಳು ಓಡಿಸಿ ಸಿಕ್ಕಿಬಿದ್ದರೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನ ಪ್ರಕಾರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗದು. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು 189ನೇ ಕಲಮಿನಡಿ ಬೇರೆಯದೇ ಅಪರಾಧ.

ಟ್ರ್ಯಾಕಿನಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ, ಅಡ್ಡ ನಾಯಿ ನುಗ್ಗುವುದಿಲ್ಲ, ರಸ್ತೆ ಉಬ್ಬು ಇರುವುದಿಲ್ಲ. ತಿರುವಿನಲ್ಲಿ ಮಾರ್ಷಲ್‌ಗಳು ನಿಂತಿರುತ್ತಾರೆ, ಆಂಬುಲೆನ್ಸ್ ಕಾದಿರುತ್ತದೆ. ಹಾಗೆಂದು ಅಪಾಯವೇ ಇಲ್ಲವೆಂದಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ಎಲ್ಲಿಗೆ ಹೋಗುವುದು?

ರಾಷ್ಟ್ರೀಯ ಬೈಕ್ ಚಾಂಪಿಯನ್‌ಷಿಪ್ ನಡೆಯುವಂಥ ಡಾಂಬರು ಟ್ರ್ಯಾಕ್ ನಮ್ಮ ರಾಜ್ಯದಲ್ಲಿಲ್ಲ. ಹೀಗಾಗಿ ಕರ್ನಾಟಕದ ಸವಾರರಿಗೆ ತಮಿಳುನಾಡೇ ಗತಿ.

ಬೆಂಗಳೂರಿನವರಿಗೆ ಹತ್ತಿರದ್ದು ಇರುಂಗಾಟ್ಟುಕೋಟ್ಟೈನ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಚೆನ್ನೈ ಹೆದ್ದಾರಿಯಲ್ಲೇ ಸಾಗಿದರೆ ಶ್ರೀಪೆರಂಬುದೂರಿನ ಆಚೆ ಸಿಗುತ್ತದೆ. ನಮ್ಮ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು ಹುಟ್ಟಿದ ಊರು ಶ್ರೀಪೆರಂಬುದೂರು. ಶುಕ್ರವಾರ ಸಂಜೆ ಬಿಡುವಿದ್ದರೆ ದೇವಸ್ಥಾನಕ್ಕೂ ಹೋಗಿಬರಬಹುದು. ಟ್ರ್ಯಾಕಿನ ಒಡೆತನ 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನದು. ಈ ಟ್ರ್ಯಾಕ್ ಆಗುವ ಮುಂಚೆ ಕ್ಲಬ್ಬಿನ ರೇಸುಗಳು ಷೋಲಾವರಂನ ಹಳೇ ವಿಮಾನ ಓಡುದಾರಿಯಲ್ಲಿ ನಡೆಯುತ್ತಿದ್ದವು. ಈಗಿನ ಟ್ರ್ಯಾಕಿನ ಉದ್ದ 3.717 ಕಿ.ಮೀ., ತಿರುವುಗಳು 12. ಅವನ್ನು ಸವಾರರು ಸಿ1, ಸಿ2 ಎಂದೇ ಕರೆಯುತ್ತಾರೆ.

ಮೈಸೂರು, ಚಾಮರಾಜನಗರದ ಕಡೆಯವರಿಗೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅನುಕೂಲ. ರೇಸ್ ಕಾರುಗಳನ್ನು ತಾವೇ ಕಟ್ಟುತ್ತಿದ್ದ ಎಸ್. ಕರಿವರ್ಧನ್ ಅವರ ಹೆಸರಿನ ಈ ಟ್ರ್ಯಾಕ್ ಎರಡು ಕಿಲೋಮೀಟರಿಗೆ ತುಸು ಹೆಚ್ಚು. ಚಿಕ್ಕದಾದ್ದರಿಂದ ಹೊಸಬರಿಗೆ ಒಳ್ಳೆಯದು. ಹಾಸನೂರು ಮಾರ್ಗವಾಗಿ ಹೋಗುವವರು ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಹಗಲಲ್ಲೇ ಇಳಿಯುವಂತೆ ಹೊರಡಿ. ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ.

2023ರ ಸೆಪ್ಟೆಂಬರಿನಲ್ಲಿ ಮೋಟೋಜಿಪಿ ನಡೆದ ಗ್ರೇಟರ್ ನೊಯ್ಡಾದ ಬುದ್ಧ್ ಸರ್ಕ್ಯೂಟ್ 5.125 ಕಿ.ಮೀ. ಉದ್ದದ್ದು. ಅದು ದೂರದ ಮಾತು, ಆಮೇಲೆ ನೋಡಿಕೊಳ್ಳಬಹುದು. ಮಣ್ಣಿನ ಹಾದಿಯಲ್ಲಿ ಬೈಕಿನ ಹಿಡಿತ ಕಲಿಯಬೇಕೆನ್ನುವವರಿಗೆ ಕೋಲಾರ ಜಿಲ್ಲೆಯಲ್ಲೇ ಬಿಗ್‌ರಾಕ್ ಡರ್ಟ್‌ಪಾರ್ಕ್ ಇದೆ. ಡಕಾರ್ ರ್‍ಯಾಲಿಯಲ್ಲಿ ಓಡಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಕಟ್ಟಿದ್ದು. ಚಕ್ರ ಜಾರಿದಾಗ ಗಾಬರಿಯಾಗದಿರುವುದನ್ನು ಮಣ್ಣು ಕಲಿಸಿಕೊಡುವಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸುವುದಿಲ್ಲ.

ಮೊದಲ ಸಲ ನೋಡಲು ಮಾತ್ರ ಹೋಗಿ

ಮಗಳಿಗೆ ಹದಿನೇಳಾಗಿದ್ದಾಗ ನಾವು ಒಂದು ವಾರಾಂತ್ಯ ಬರೀ ಪ್ರೇಕ್ಷಕರಾಗಿ ಹೋದೆವು. ಅದು ನಾವು ಮಾಡಿದ ಅತ್ಯಂತ ಸರಿಯಾದ ಕೆಲಸ. ಟಿವಿಯಲ್ಲಿ ಕಾಣದ್ದೆಲ್ಲ ಅಲ್ಲಿ ಕಾಣುತ್ತದೆ. ರೇಸ್ ನಡೆಯುವುದು ಹತ್ತು-ಹದಿನೈದು ನಿಮಿಷ, ಉಳಿದದ್ದೆಲ್ಲ ಕಾಯುವುದು; ಗೆದ್ದವರಿಗಿಂತ ಸೋತವರೇ ಹೆಚ್ಚು; ಬಿದ್ದವರು ಕುಂಟುತ್ತಾ ಬಂದು ಮತ್ತೆ ನಗುತ್ತಾರೆ, ಕೆಲವರು ಅಳುತ್ತಾರೆ. ಇದನ್ನೆಲ್ಲ ನೋಡಿದ ಮೇಲೂ ಆಸೆ ಉಳಿದಿದ್ದರೆ ಮುಂದುವರಿಯಬಹುದು.

ಓಡಿಸದೆಯೂ ಈ ಕ್ರೀಡೆಯೊಳಗೆ ಇರಲು ಒಂದು ಒಳ್ಳೆಯ ದಾರಿ ಮಾರ್ಷಲ್ ಆಗುವುದು. ತಿರುವಿನಲ್ಲಿ ನಿಂತು ಬಾವುಟ ಬೀಸುವವರು, ಬಿದ್ದವರ ಬಳಿಗೆ ಮೊದಲು ಓಡುವವರು ಇವರೇ. ಅವರಿಲ್ಲದೆ ಒಂದು ಸುತ್ತೂ ನಡೆಯದು. ಕ್ಲಬ್ಬುಗಳು ತರಬೇತಿ ಕೊಟ್ಟು ತೆಗೆದುಕೊಳ್ಳುತ್ತವೆ.

ಶಾಲೆ, ಲೈಸೆನ್ಸ್, ವಿಭಾಗ

ಎರಡನೆಯ ಹೆಜ್ಜೆ ಟ್ರ್ಯಾಕ್ ಶಾಲೆ. ಅಮೆರಿಕದ ಕೀತ್ ಕೋಡ್ ಕಟ್ಟಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಇದೇ ಮದ್ರಾಸ್ ಟ್ರ್ಯಾಕಿನಲ್ಲಿ ತರಗತಿಗಳನ್ನು ನಡೆಸಿದೆ. ಬೆಂಗಳೂರಿನ ರೇಸರ್ ಐಶ್ವರ್ಯಾ ಪಿಸ್ಸೆ ಕಲಿತದ್ದು ಅಪೆಕ್ಸ್ ರೇಸಿಂಗ್ ಅಕಾಡೆಮಿಯಲ್ಲಿ. ಶಾಲೆಯಲ್ಲಿ ಯಾರನ್ನೂ ಸೋಲಿಸಬೇಕಿಲ್ಲ. ಎಲ್ಲಿ ಬ್ರೇಕ್ ಹಿಡಿಯಬೇಕು, ತಿರುವಿನಲ್ಲಿ ಕಣ್ಣು ಎಲ್ಲಿರಬೇಕು, ಮಂಡಿಯಿಂದ ಟ್ಯಾಂಕ್ ಅಪ್ಪಿ ಹಿಡಿದು ಕೈಯನ್ನು ಹೇಗೆ ಸಡಿಲ ಬಿಡಬೇಕು ಎಂಬುದನ್ನು ಕಲಿತರೆ ಸಾಕು. ನನ್ನ ಮಗಳು 18 ತುಂಬಿ, ರಸ್ತೆಯ ಡಿಎಲ್ ಕೈಗೆ ಬಂದ ಮೇಲೇ ಶಾಲೆಗೆ ಸೇರಿದಳು. ಅದು ನಮ್ಮ ಮನೆಯ ನಿಯಮ. ನಿಮ್ಮದನ್ನು ನೀವು ಕೂತು ಮಾತಾಡಿ ಮಾಡಿಕೊಳ್ಳಿ.

ರೇಸಿಗೆ ಇಳಿಯಲು ಎಫ್‌ಎಂಎಸ್‌ಸಿಐ, ಅಂದರೆ ಭಾರತದ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ ಕೊಡುವ ಸ್ಪರ್ಧಾ ಲೈಸೆನ್ಸ್ ಬೇಕು. ವೈದ್ಯರ ಫಿಟ್‌ನೆಸ್ ಪ್ರಮಾಣಪತ್ರ ಕಡ್ಡಾಯ. ಅಪ್ರಾಪ್ತರಿಗೆ ಪೋಷಕರ ಒಪ್ಪಿಗೆ ಪತ್ರವೂ ಬೇಕು. ಯಾವ ವಿಭಾಗಕ್ಕೆ ಎಷ್ಟು ವಯಸ್ಸು ಎಂಬುದನ್ನು ಆಯಾ ವರ್ಷದ ನಿಯಮ ಪುಸ್ತಕದಲ್ಲೇ ನೋಡಿಕೊಳ್ಳಿ.

ಹೊಸಬರ ಜೇಬಿಗೆ ಒಗ್ಗುವುದು ಒನ್-ಮೇಕ್ ಸರಣಿ. ಎಲ್ಲರಿಗೂ ಒಂದೇ ಕಂಪನಿಯ, ಒಂದೇ ಬಗೆಯ ಬೈಕು; ಕೊಡುವವರು ಆಯೋಜಕರೇ, ನೋಡಿಕೊಳ್ಳುವವರು ಅವರ ಮೆಕ್ಯಾನಿಕ್‌ಗಳೇ. ಟಿವಿಎಸ್ ಸರಣಿಯಲ್ಲಿ ಹೆಣ್ಣುಮಕ್ಕಳದೇ ವಿಭಾಗವೂ ನಡೆದುಬಂದಿದೆ. ರಾಯಲ್ ಎನ್‌ಫೀಲ್ಡ್‌ನ ಕಾಂಟಿನೆಂಟಲ್ ಜಿಟಿ ಕಪ್ 2021ರಲ್ಲಿ ಶುರುವಾಯಿತು. ಬೈಕ್ ಅವರದಾದ್ದರಿಂದ ನಮ್ಮ ದುಡ್ಡು ಉಡುಪಿಗೆ ಉಳಿಯುತ್ತದೆ.

ಉಡುಪು: ಇಲ್ಲಿ ಉಳಿತಾಯ ಬೇಡ

ಹೆಲ್ಮೆಟ್ ಮುಖ ಪೂರ್ತಿ ಮುಚ್ಚುವಂಥದ್ದಿರಬೇಕು, ಗಲ್ಲದ ಪಟ್ಟಿಗೆ ಎರಡು ಡಿ-ಉಂಗುರಗಳ ಕೊಂಡಿ ಇರಬೇಕು. ರಸ್ತೆಗೆ ಐಎಸ್‌ಐ ಗುರುತು ಸಾಕು. ಟ್ರ್ಯಾಕಿಗೆ ಇಸಿಇ 22.06ರಂಥ ಅಂತರರಾಷ್ಟ್ರೀಯ ಮಾನದಂಡದ್ದನ್ನು ಕೊಳ್ಳಿ. ಹಾಕಿ ಪಟ್ಟಿ ಬಿಗಿದು ತಲೆ ಅಲ್ಲಾಡಿಸಿದಾಗ ಕೆನ್ನೆಯ ಚರ್ಮವೂ ಜೊತೆಗೆ ಅಲುಗಬೇಕು. ಒಮ್ಮೆ ಬಲವಾಗಿ ಬಿದ್ದ ಹೆಲ್ಮೆಟ್ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಬಳಸಬೇಡಿ. ಸೆಕೆಂಡ್ ಹ್ಯಾಂಡ್ ಸೂಟ್ ಕೊಳ್ಳಬಹುದು, ಹೆಲ್ಮೆಟ್ ಕೂಡದು.

ಲೆದರ್ ಸೂಟ್ ಒಂದೇ ತುಂಡಿನದು, ಅಥವಾ ಸೊಂಟದ ಸುತ್ತ ಜಿಪ್‌ನಿಂದ ಪೂರ್ತಿ ಕೂಡುವ ಎರಡು ತುಂಡಿನದು. ಒಳಗೆ ಬೆನ್ನಿನ ಮತ್ತು ಎದೆಯ ರಕ್ಷಾಕವಚ. ಗ್ಲೌಸ್ ಮಣಿಕಟ್ಟು ದಾಟಿರಬೇಕು, ಬೂಟು ಕಣಕಾಲು ದಾಟಿರಬೇಕು. ಅಂಗಡಿಯ ಸೂಟುಗಳು ಹೆಚ್ಚಾಗಿ ಗಂಡಸರ ಅಳತೆಯವು. ಭುಜಕ್ಕೆ ಸರಿಯಾದದ್ದು ಸೊಂಟದಲ್ಲಿ ಹಿಡಿಯುತ್ತದೆ, ಸೊಂಟಕ್ಕೆ ಸರಿಯಾದದ್ದರ ಮೊಣಕೈ ಪ್ಯಾಡ್ ಜಾರಿ ಕೆಳಗಿಳಿಯುತ್ತದೆ. ಪ್ಯಾಡ್ ಮೂಳೆಯ ಮೇಲೆ ಕೂರದಿದ್ದರೆ ಇದ್ದೂ ಇಲ್ಲದಂತೆ. ಅಳತೆ ಕೊಟ್ಟು ಹೊಲಿಸುವುದೇ ಉತ್ತಮ. ನಿಂತಾಗ ಸೂಟು ಮುಂದಕ್ಕೆ ಎಳೆಯುವುದು ಸರಿಯೇ. ಬೈಕಿನ ಮೇಲೆ ಬಗ್ಗಿ ಕೂತಾಗ ಹೇಗಿದೆ ಎಂದು ನೋಡಬೇಕು.

ಅಮ್ಮಂದಿರಿಗೆ ಒಂದು ಕಿವಿಮಾತು, ಅಪ್ಪಂದಿರೂ ಓದಿಕೊಳ್ಳಿ. ಸೂಟಿನೊಳಗೆ ಬೆವರು ಹೀರುವ ತೆಳುವಾದ ಲೈಕ್ರಾ ಬಟ್ಟೆ ಬೇಕೇ ಬೇಕು, ಇಲ್ಲವಾದರೆ ಒದ್ದೆ ಚರ್ಮದ ಮೇಲೆ ಸೂಟು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಸೂಟು ಬಿಚ್ಚಿ ಹಾಕಲು ಹತ್ತು ನಿಮಿಷ ಹಿಡಿಯುವುದರಿಂದ ಶೌಚಾಲಯಕ್ಕೆ ಮೊದಲೇ ಹೋಗಿಬರಬೇಕು. ಮುಟ್ಟಿನ ದಿನಗಳು ರೇಸಿನ ದಿನಕ್ಕೇ ಬಂದರೆ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಹೆಚ್ಚುವರಿ ಪ್ಯಾಡ್, ಎರಡು ಜೊತೆ ಒಳಉಡುಪು ಚೀಲದಲ್ಲಿರಲಿ. ಹೊಟ್ಟೆನೋವು ತಡೆಯಲಾಗದಷ್ಟಿದ್ದರೆ ಆ ದಿನ ಕೈ ಎತ್ತಲು ಅದೂ ಒಂದು ಕಾರಣವೇ.

ಸ್ವಂತ ಬೈಕ್ ಒಯ್ಯುವವರಿಗೆ

ಟ್ರ್ಯಾಕ್ ಶಾಲೆಗೆ ನಾವು ಮನೆಯ ಬೈಕನ್ನೇ ಒಯ್ದಿದ್ದೆವು. ಕನ್ನಡಿ, ನಂಬರ್ ಪ್ಲೇಟ್ ಬಿಚ್ಚಬೇಕು. ಹೆಡ್‌ಲೈಟ್, ಇಂಡಿಕೇಟರ್ ಗಾಜಿಗೆ ಟೇಪ್ ಸುತ್ತಬೇಕು, ಬಿದ್ದರೆ ಚೂರುಗಳು ಟ್ರ್ಯಾಕಿನ ಮೇಲೆ ಹರಡಬಾರದು. ರೇಸಿಗಾದರೆ ಇನ್ನೂ ಇದೆ: ಸ್ಟ್ಯಾಂಡ್ ತೆಗೆಯುವುದು, ಆಯಿಲ್ ಬೋಲ್ಟಿಗೆ ಲಾಕ್ ವೈರ್ ಕಟ್ಟುವುದು, ಕೂಲಂಟ್ ಹರಿಸಿ ಬರೀ ನೀರು ತುಂಬುವುದು. ಚೆಲ್ಲಿದ ಕೂಲಂಟ್ ಎಣ್ಣೆಯಂತೆ ಜಾರುತ್ತದೆ. ಹಿಂದೆ ಬರುವ ಮತ್ತೊಬ್ಬರ ಮಗುವಿಗೆ ಅದು ಕಂಟಕ. ಬ್ರೇಕ್ ಪ್ಯಾಡ್, ಚೈನಿನ ಬಿಗಿತ, ಟೈರಿನ ಗಾಳಿ ನೋಡಿ. ಓಡಿದಂತೆ ಟೈರ್ ಕಾದು ಒತ್ತಡ ಏರುವುದರಿಂದ ಪಿಟ್‌ಗೆ ಬಂದ ಕೂಡಲೇ ಮತ್ತೊಮ್ಮೆ ಅಳೆದು ಪುಸ್ತಕದಲ್ಲಿ ಬರೆದಿಡಿ. ಗಾಳಿ ಎಷ್ಟಿರಬೇಕೆಂದು ಅಲ್ಲಿನ ತರಬೇತುದಾರರನ್ನೇ ಕೇಳಿ.

ಮೂರು ದಿನಗಳ ದಿನಚರಿ

ಸಾಮಾನ್ಯವಾಗಿ ಶುಕ್ರವಾರ ಅಭ್ಯಾಸ, ಶನಿವಾರ ಅರ್ಹತಾ ಸುತ್ತು ಮತ್ತು ಮೊದಲ ರೇಸ್, ಭಾನುವಾರ ಎರಡನೆಯದು. ಬೆಳಗ್ಗೆ ಹೆಲ್ಮೆಟ್, ಸೂಟು, ಬೈಕುಗಳ ತಪಾಸಣೆ. ಅದಕ್ಕೆ ಅಲ್ಲಿ ಸ್ಕ್ರೂಟಿನಿ ಎನ್ನುತ್ತಾರೆ. ಆಮೇಲೆ ಸವಾರರ ಬ್ರೀಫಿಂಗ್. ಅದನ್ನು ತಪ್ಪಿಸುವಂತಿಲ್ಲ.

ಬೈಕನ್ನು ಮೆಕ್ಯಾನಿಕ್ ನೋಡಿಕೊಳ್ಳುತ್ತಾರೆ. ಸವಾರಳನ್ನು ನೋಡಿಕೊಳ್ಳುವುದು ನಮ್ಮ ಪಾಲು. ಚೆನ್ನೈ ಸೆಕೆಯಲ್ಲಿ ಲೆದರ್ ತೊಟ್ಟವರ ಮೈಯಿಂದ ಇಳಿಯುವ ನೀರು ಅಷ್ಟಿಷ್ಟಲ್ಲ. ಬಾಯಾರಿಕೆಯಾಗುವ ತನಕ ಕಾಯದೆ ಓಆರ್‌ಎಸ್, ಎಳನೀರು, ಉಪ್ಪು ಹಾಕಿದ ಮಜ್ಜಿಗೆ ಕುಡಿಸುತ್ತಿರಿ. ಬೆಳಗ್ಗೆ ಅವಲಕ್ಕಿ ಅಥವಾ ಇಡ್ಲಿ, ಮಧ್ಯಾಹ್ನ ಸ್ವಲ್ಪವೇ ಮೊಸರನ್ನ, ನಡುನಡುವೆ ಬಾಳೆಹಣ್ಣು. ಸೆಷನ್ ಮುಗಿದ ಕೂಡಲೇ ಸೂಟನ್ನು ಸೊಂಟದವರೆಗೆ ಇಳಿಸಿ, ಕತ್ತಿಗೆ ಒದ್ದೆ ಟವೆಲ್ ಹಾಕಿ. ಹೆಲ್ಮೆಟ್ ತೆಗೆದ ಮೊದಲ ಐದು ನಿಮಿಷ ಮಾತಾಡಿಸಬೇಡಿ.

ನಮ್ಮ ಚೀಲದಲ್ಲಿ ಇರುವುದಿಷ್ಟು:

- ಸ್ಪರ್ಧಾ ಲೈಸೆನ್ಸ್, ಫಿಟ್‌ನೆಸ್ ಪ್ರಮಾಣಪತ್ರ, ಆಧಾರ್, ವಿಮೆ ಕಾಗದ. ಪ್ರತಿಯೊಂದರ ಎರಡು ಜೆರಾಕ್ಸ್
- ರಕ್ತದ ಗುಂಪು, ಔಷಧ ಅಲರ್ಜಿ ಬರೆದ ಚೀಟಿ
- ಲೈಕ್ರಾ ಬಟ್ಟೆ ಮೂರು ಜೊತೆ, ಟವೆಲ್, ಕಿವಿಗೆ ಇಯರ್‌ಪ್ಲಗ್
- ಹೆಲ್ಮೆಟ್ ಗಾಜು ಒರೆಸಲು ಮೆತ್ತನೆ ಬಟ್ಟೆ, ಹೆಚ್ಚುವರಿ ಗಾಜು
- ದೊಡ್ಡ ಕೊಡೆ, ಮಡಚುವ ಕುರ್ಚಿ, ಹತ್ತು ಲೀಟರ್ ನೀರು

ಬಾವುಟದ ಭಾಷೆ

ಹೆದ್ದಾರಿಯುದ್ದಕ್ಕೂ ನಾವು ಆಡುವ ಆಟ ಇದು. ನಾನು ಬಣ್ಣ ಹೇಳುತ್ತೇನೆ, ಅವಳು ಅರ್ಥ ಹೇಳಬೇಕು.

- ಹಳದಿ: ಮುಂದೆ ಅಪಾಯವಿದೆ, ವೇಗ ತಗ್ಗಿಸು, ಯಾರನ್ನೂ ಹಿಂದಿಕ್ಕಬೇಡ
- ಕೆಂಪು: ಓಟ ನಿಂತಿದೆ, ನಿಧಾನವಾಗಿ ಪಿಟ್‌ಗೆ ಬಾ
- ಹಳದಿ-ಕೆಂಪು ಪಟ್ಟೆ: ನೆಲ ಜಾರುತ್ತಿದೆ
- ನೀಲಿ: ವೇಗದ ಸವಾರರು ಹಿಂದಿದ್ದಾರೆ, ದಾರಿ ಕೊಡು
- ಕಪ್ಪು, ಜೊತೆಗೆ ನಂಬರ್: ಆ ನಂಬರಿನವರು ಪಿಟ್‌ಗೆ ಬರಬೇಕು
- ಕಪ್ಪಿನ ನಡುವೆ ಕಿತ್ತಳೆ ವೃತ್ತ: ನಿನ್ನ ಬೈಕಿನಲ್ಲಿ ದೋಷವಿದೆ, ಕೂಡಲೇ ಟ್ರ್ಯಾಕ್ ಬಿಡು
- ಹಸಿರು: ದಾರಿ ಸುಗಮ
- ಕಪ್ಪು-ಬಿಳಿ ಚೌಕಳಿ: ಮುಗಿಯಿತು

ಬ್ರೀಫಿಂಗಿನಲ್ಲಿ ಇದಕ್ಕಿಂತ ಬೇರೆಯಾಗಿ ಹೇಳಿದರೆ ಅದೇ ಅಂತಿಮ.

ಅಪಾಯದ ಮಾತು

2023ರ ಆಗಸ್ಟ್ 5ರಂದು ಇದೇ ಮದ್ರಾಸ್ ಟ್ರ್ಯಾಕಿನಲ್ಲಿ, ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಹೊಸಬರ ರೂಕಿ ರೇಸಿನಲ್ಲಿ ಬಿದ್ದು ಬೆಂಗಳೂರಿನ 13 ವರ್ಷದ ಬಾಲಕ ತೀರಿಕೊಂಡ. ಆ ವಾರಾಂತ್ಯದ ಉಳಿದ ರೇಸುಗಳೆಲ್ಲ ರದ್ದಾದವು. ಆ ಮಗುವಿನ ಅಪ್ಪ-ಅಮ್ಮನನ್ನು ನೆನೆಯದೆ ನಾನು ಒಮ್ಮೆಯೂ ಆ ಗೇಟು ದಾಟಿಲ್ಲ. ಎಲ್ಲ ಉಡುಪು ತೊಟ್ಟರೂ, ಎಲ್ಲ ನಿಯಮ ಪಾಲಿಸಿದರೂ ಉಳಿಯುವ ಅಪಾಯವೊಂದಿದೆ. ಅದನ್ನು ಮಗಳಿಗೂ ಬಿಡಿಸಿ ಹೇಳಿ, ನೀವೂ ಒಪ್ಪಿಕೊಂಡು ಸಹಿ ಹಾಕಿ. ಒಪ್ಪಲಾಗದಿದ್ದರೆ ಪ್ರೇಕ್ಷಕರಾಗಿ ಉಳಿಯುವುದು ಹೇಡಿತನವಲ್ಲ.

ಬೈಕಿನ ಸಾಮಾನ್ಯ ವಿಮೆ ರೇಸಿಗೆ ಅನ್ವಯಿಸುವುದಿಲ್ಲ. ಆರೋಗ್ಯ ವಿಮೆಯಲ್ಲೂ ಅಪಾಯಕಾರಿ ಕ್ರೀಡೆಗಳ ಷರತ್ತು ಇರುತ್ತದೆ. ಹೊರಡುವ ಮೊದಲೇ ಪಾಲಿಸಿ ಓದಿ, ಆಯೋಜಕರ ವಿಮೆ ಎಷ್ಟಕ್ಕಿದೆ ಎಂದು ಕೇಳಿ. ಬಿದ್ದರೆ ಕೈಕಾಲು ಒಳಗೆಳೆದುಕೊಂಡು ಪೂರ್ತಿ ನಿಲ್ಲುವ ತನಕ ಏಳಬಾರದು, ಆಮೇಲೆ ಹಿಂದೆ ನೋಡಿ ತಡೆಗೋಡೆಯತ್ತ ನಡೆಯಬೇಕು ಎಂದು ಮಗಳಿಗೆ ಕಲಿಸಿ. ನೀವು ಟ್ರ್ಯಾಕಿನತ್ತ ಓಡಬೇಡಿ; ವೈದ್ಯಕೀಯ ಕೇಂದ್ರ ಎಲ್ಲಿದೆ ಎಂದು ಶುಕ್ರವಾರವೇ ನೋಡಿಟ್ಟುಕೊಂಡು ಅಲ್ಲಿಗೆ ಹೋಗಿ. ತಲೆಗೆ ಪೆಟ್ಟಾಗಿದ್ದರೆ, ಅವಳು ಎಷ್ಟೇ ಗೋಗರೆದರೂ, ಆ ದಿನ ಮತ್ತೆ ಬೈಕ್ ಏರಿಸಬೇಡಿ.

ದಾರಿ ಮಾಡಿದವರು

ಮಗಳ ಕೋಣೆಯ ಗೋಡೆಯ ಮೇಲೆ ಐಶ್ವರ್ಯಾ ಪಿಸ್ಸೆಯ ಚಿತ್ರವಿದೆ. 2018ರಲ್ಲಿ ಸ್ಪೇನಿನ ರ್‍ಯಾಲಿಯಲ್ಲಿ ಬಿದ್ದು ಮೇದೋಜ್ಜೀರಕ ಗ್ರಂಥಿಗೆ ಗಾಯವಾಗಿ ಆಸ್ಪತ್ರೆ ಸೇರಿದ್ದ ಈ ಬೆಂಗಳೂರು ಹುಡುಗಿ, 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದಳು. ಚೆನ್ನೈನ ಅಲಿಷಾ ಅಬ್ದುಲ್ಲಾಗೆ ಕೈಹಿಡಿದು ಕಲಿಸಿದ್ದು ಸ್ವತಃ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಅಪ್ಪ. ಸ್ಪೇನಿನ ಆನಾ ಕರಾಸ್ಕೊ 2018ರಲ್ಲಿ ಗಂಡಸರೊಂದಿಗೇ ಸೆಣಸಿ ಸೂಪರ್‌ಸ್ಪೋರ್ಟ್ 300 ವಿಶ್ವ ಚಾಂಪಿಯನ್ ಆದಳು. 2024ರಲ್ಲಿ ಶುರುವಾದ ಮಹಿಳೆಯರ ವಿಶ್ವ ಸರಣಿಯ ಮೊದಲ ಕಿರೀಟವೂ ಅವಳದೇ.

ಎತ್ತಿದ ಕೈ

ಆ ಶನಿವಾರ ಅರ್ಹತಾ ಸುತ್ತಿನ ಮೂರನೇ ಲ್ಯಾಪಿನಲ್ಲಿ ಮಗಳು ಎಡಗೈ ಎತ್ತಿ ಒಳಗೆ ಬಂದಳು. ಉಳಿದವರೆಲ್ಲ ಇನ್ನೂ ಓಡುತ್ತಿದ್ದರು. ನಾಲಿಗೆಯ ತುದಿಗೆ ಬಂದ ಪ್ರಶ್ನೆ ನುಂಗಿ ನೀರಿನ ಬಾಟಲಿ ಕೊಟ್ಟೆ. ಗ್ಲೌಸ್ ಬಿಚ್ಚಲು ಅವಳಿಗೆ ಆಗಲಿಲ್ಲ, ನಾನೇ ಎಳೆದೆ. ಮುಂಗೈ ಕಲ್ಲಿನಂತೆ ಬಿಗಿದಿತ್ತು. ಅರ್ಧ ಗಂಟೆಯ ಮೇಲೆ ಅವಳೇ ಹೇಳಿದಳು: “ಕೈ ಜೋಮು ಹಿಡಿದುಬಿಡ್ತಮ್ಮಾ. ಬ್ರೇಕ್ ಮೇಲೆ ಬೆರಳಿದೆಯೋ ಇಲ್ವೋ ಗೊತ್ತಾಗ್ತಿರ್ಲಿಲ್ಲ.” ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿಯುವ ಹೊಸಬರಿಗೆಲ್ಲ ಹೀಗಾಗುತ್ತದಂತೆ. ತರಬೇತುದಾರರು ಬ್ರೇಕ್ ಲಿವರಿನ ಅಂತರ ಸರಿಮಾಡಿಸಿದರು, ಮಂಡಿಯಿಂದ ಟ್ಯಾಂಕ್ ಒತ್ತಿ ಹಿಡಿಯುವುದನ್ನು ನಿಂತ ಬೈಕಿನ ಮೇಲೇ ಇಪ್ಪತ್ತು ಸಲ ಮಾಡಿಸಿದರು. ಬೆರಳಿಗೆ ಬ್ರೇಕ್ ತಿಳಿಯದೆ ಅವಳು ಇನ್ನೊಂದು ಸುತ್ತು ಹೋಗಿದ್ದರೆ ಏನಾಗುತ್ತಿತ್ತೋ, ಆ ಯೋಚನೆ ನನಗೆ ರಾತ್ರಿ ಬಹಳ ಹೊತ್ತು ನಿದ್ದೆ ಕೊಡಲಿಲ್ಲ.

ಭಾನುವಾರ ಅವಳು ಹೊರಟದ್ದು ಕೊನೆಯ ಸಾಲಿನಿಂದ. ಪೂರ್ತಿ ಓಡಿದಳು, ಇಬ್ಬರನ್ನು ಹಿಂದಿಕ್ಕಿದಳು. ಚೌಕಳಿ ಬಾವುಟ ಬಿದ್ದ ಮೇಲೆ ಬೈಕುಗಳು ನಿಧಾನವಾಗಿ ಇನ್ನೊಂದು ಸುತ್ತು ಬರುತ್ತವೆ. ದೂರದ ತಿರುವಿನಲ್ಲಿ ಮಗಳ ಎಡಗೈ ಮತ್ತೆ ಮೇಲಕ್ಕೆ ಎದ್ದದ್ದು ಕಂಡು ನನ್ನ ಎದೆ ಧಸಕ್ಕೆಂದಿತು. ಓಡಲು ಎರಡು ಹೆಜ್ಜೆ ಇಟ್ಟೂ ಇದ್ದೆ. ಪಕ್ಕದಲ್ಲಿದ್ದ ಹಿರಿಯ ಮಾರ್ಷಲ್ ಒಬ್ಬರು ತಡೆದರು. “ಏನೂ ಆಗಿಲ್ಲಮ್ಮ. ಎಲ್ಲ ಸವಾರರೂ ಕೊನೇ ಸುತ್ತಲ್ಲಿ ಹೀಗೆ ಕೈ ಎತ್ತುತ್ತಾರೆ, ನಮಗೆ ಥ್ಯಾಂಕ್ಸ್ ಹೇಳೋಕೆ.”

ಅವಳು ಒಂದೊಂದು ತಿರುವಿನಲ್ಲೂ ಕೈ ಎತ್ತುತ್ತಾ ಬಂದಳು. ನಾನೂ ಎತ್ತಿದೆ.